ಬಡವರ ಬೀದಿಯಿಂದ ವೈಕುಂಠಪುರದವರೆಗೆ

ಹಾಲಿವುಡ್ಡಿನ ಅಗ್ಗದ ಸ್ಟುಡಿಯೊಗಳು ತಮ್ಮ ಬಡತನವನ್ನು ನೆರಳಿನಲ್ಲಿ ಅಡಗಿಸಿದವು. ಮೈಸೂರಿನ ನಿರ್ಮಾಪಕರು ಅದನ್ನು ಮಾಯಾಮಂತ್ರದಲ್ಲಿ ಮರೆಸಿದರು. ಶೃಂಗೇರಿ ಸೀಮೆಯಲ್ಲಿ ಕ್ಯಾಮೆರಾ ಹೂಡಿದವರು ಸ್ಟುಡಿಯೊವನ್ನೇ ಬಿಟ್ಟು ಹೊರಬಂದರು. ಕಾಸು ಕಡಿಮೆಯಿದ್ದಾಗ ಸಿನಿಮಾ ಹೇಗೆ ಹುಟ್ಟಿತೆಂಬ ಚರಿತ್ರೆ ಇದು.

ಮಳೆಗಾಲ ಮುಗಿದು, ಮೂಡಿಗೆರೆ, ಬಾಳೆಹೊನ್ನೂರು, ಕಳಸಗಳ ಸುತ್ತಿನ ತೋಟಗಳಲ್ಲಿ ಅರೇಬಿಕಾ ಹಣ್ಣು ಕೆಂಪಗಾಗುವ ಹೊತ್ತಿಗೆ, ಘಟ್ಟದ ಪೇಟೆಗಳ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆಗಳು ಏಳುತ್ತಿದ್ದ ಕಾಲವೊಂದಿತ್ತು. ಕತ್ತಲಾಗುತ್ತಿದ್ದಂತೆ ಧ್ವನಿವರ್ಧಕದಲ್ಲಿ ವೆಂಕಟೇಶನ ಭಕ್ತಿಗೀತೆ ಮೊಳಗಿದರೆ ಆಟ ಶುರುವಾಗುವ ಹೊತ್ತಾಯಿತೆಂದು ಸುತ್ತಲ ಊರುಗಳಿಗೆ ತಿಳಿಯುತ್ತಿತ್ತು. ವಾರದ ಬಟವಾಡೆಯ ಕಾಸನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಲೈನ್ ಮನೆಗಳಿಂದ ನಡೆದು ಬಂದವರು ನೆಲದ ಟಿಕೆಟ್ ಕೊಂಡು ಮುಂದೆ ಕೂರುತ್ತಿದ್ದರು, ರೈಟರು, ಮೇಸ್ತ್ರಿಗಳು ಅವರ ಹಿಂದೆ ಬೆಂಚಿನಲ್ಲಿ, ಪೇಟೆಯ ಸಾಹುಕಾರರು ಕುರ್ಚಿಯಲ್ಲಿ.

ಆ ಡೇರೆಗೆ ಬರುತ್ತಿದ್ದ ಚಿತ್ರದ ಪ್ರತಿ ದೊಡ್ಡ ಊರುಗಳ ಥಿಯೇಟರುಗಳಲ್ಲಿ ಓಡಿ ಸವೆದು, ಗೀರು ಬಿದ್ದು, ತುಂಡಾದಲ್ಲೆಲ್ಲ ಅಂಟಿಸಿಕೊಂಡು, ಕೊನೆಗೆ ತಗಡಿನ ಡಬ್ಬಗಳಲ್ಲಿ ಬಸ್ಸಿನ ಮೇಲೇರಿ ಘಟ್ಟ ಹತ್ತುತ್ತಿತ್ತು. ಪ್ರೊಜೆಕ್ಟರ್ ಒಂದೇ ಇದ್ದಲ್ಲಿ ರೀಲು ಮುಗಿದಾಗಲೆಲ್ಲ ಆಟ ನಿಲ್ಲುತ್ತಿತ್ತು. ಹೊಸ ಚಿತ್ರವೇ ಬೇಕೆಂಬ ಹಟ ಅಲ್ಲಿನ ಪ್ರೇಕ್ಷಕರಿಗಿರಲಿಲ್ಲ; ಹಾವು, ಮಂತ್ರವಾದಿ, ಕತ್ತಿವರಸೆ, ಹಾಡು, ನಗೆ ಇದ್ದರೆ ಎರಡನೇ ಆಟಕ್ಕೂ ಜನ ಸೇರುತ್ತಿದ್ದರು.

ಇಂಥ ಪ್ರೇಕ್ಷಕರನ್ನು ಕಣ್ಣ ಮುಂದಿಟ್ಟುಕೊಂಡು, ಇಂಥ ಡೇರೆಗಳ ಗಳಿಕೆಯನ್ನೂ ಲೆಕ್ಕಕ್ಕೆ ಹಿಡಿದು, ಅಲ್ಪ ಬಂಡವಾಳದಲ್ಲಿ ಚಿತ್ರ ತಯಾರಿಸುವ ಉದ್ಯಮವೊಂದು 1940ರ ದಶಕದ ಕೊನೆಯಲ್ಲಿ ಮೈಸೂರಿನಲ್ಲಿ ಬೆಳೆಯಿತು. ಅದೇ ಹೊತ್ತಿಗೆ ಅಮೆರಿಕದ ಹಾಲಿವುಡ್ಡಿನಲ್ಲಿ ಇದೇ ಬಗೆಯ ಉದ್ಯಮವೊಂದು ತನ್ನ ಉಚ್ಛ್ರಾಯದ ದಿನಗಳನ್ನು ಮುಗಿಸುತ್ತಿತ್ತು. ಒಂದಕ್ಕೊಂದರ ಪರಿಚಯವಿದ್ದಿತೆಂದು ಹೇಳಬೇಕಾಗಿಲ್ಲ. ಎರಡರ ಕೈಯಲ್ಲೂ ಹಣ ಕಡಿಮೆಯಿತ್ತು, ಎದುರಿಗೆ ಚಿಕ್ಕ ಊರುಗಳ ದೊಡ್ಡ ಜನಸಮೂಹವಿತ್ತು, ಹೋಲಿಕೆಗೆ ಅಷ್ಟು ಸಾಕು.

ಒಂದು ಟಿಕೆಟ್ಟು, ಎರಡು ಚಿತ್ರ

1929ರ ಆರ್ಥಿಕ ಕುಸಿತದ ಬಳಿಕ ಅಮೆರಿಕದಲ್ಲಿ ಥಿಯೇಟರಿಗೆ ಬರುವವರ ಸಂಖ್ಯೆ ಇಳಿದಾಗ, ಮಾಲೀಕರು ಒಂದೇ ಟಿಕೆಟ್ಟಿನ ಬೆಲೆಗೆ ಎರಡು ಚಿತ್ರ ತೋರಿಸುವ ಪದ್ಧತಿಯನ್ನು ಹಿಡಿದರು. ಹೆಸರಾಂತ ತಾರೆಯರಿದ್ದ ಮುಖ್ಯ ಚಿತ್ರ ‘ಎ’ ದರ್ಜೆಯದು. ಅದರ ಜೊತೆಗೆ ಹಾಕುತ್ತಿದ್ದ, ಸುಮಾರು ಒಂದು ಗಂಟೆಯ, ಕಡಿಮೆ ಖರ್ಚಿನ ಚಿತ್ರ ‘ಬಿ’ ದರ್ಜೆಯದು.

ಇವೆರಡರ ವ್ಯತ್ಯಾಸವಿದ್ದುದು ಗುಣಕ್ಕಿಂತ ಹೆಚ್ಚಾಗಿ ಲೆಕ್ಕದ ಪುಸ್ತಕದಲ್ಲಿ. ‘ಎ’ ಚಿತ್ರಕ್ಕೆ ಥಿಯೇಟರಿನ ಗಳಿಕೆಯಲ್ಲಿ ಶೇಕಡಾವಾರು ಪಾಲು ಸಿಗುತ್ತಿದ್ದರೆ, ‘ಬಿ’ ಚಿತ್ರವನ್ನು ನಿಗದಿತ ಬಾಡಿಗೆಗೆ ಕೊಡಲಾಗುತ್ತಿತ್ತು. ಜನ ಮುಗಿಬಿದ್ದರೂ ಆ ಬಾಡಿಗೆ ಏರುವಂತಿರಲಿಲ್ಲ, ಥಿಯೇಟರು ಖಾಲಿಯಿದ್ದರೂ ಇಳಿಯುವಂತಿರಲಿಲ್ಲ. ಹೀಗೆ ಚಿತ್ರ ಎಷ್ಟು ತರುತ್ತದೆಂಬುದು ಮೊದಲೇ ಗೊತ್ತಿದ್ದ ಮೇಲೆ, ಲಾಭ ಮಾಡಲು ಇದ್ದ ದಾರಿಯೆಂದರೆ ಖರ್ಚನ್ನು ಆ ಮೊತ್ತದ ಕೆಳಗೆ ಹಿಡಿದಿಡುವುದೊಂದೇ.

ದೊಡ್ಡ ಸ್ಟುಡಿಯೊಗಳೂ ‘ಬಿ’ ಚಿತ್ರಗಳನ್ನು ತಯಾರಿಸುತ್ತಿದ್ದವು. ಆದರೆ ಅದನ್ನೇ ಜೀವನೋಪಾಯ ಮಾಡಿಕೊಂಡ ಚಿಕ್ಕ ಕಂಪನಿಗಳು ಹಾಲಿವುಡ್ಡಿನ ಗೋವರ್ ಬೀದಿಯ ಸುತ್ತ ನೆರೆದಿದ್ದವು; ‘ಬಡವರ ಬೀದಿ’ ಎಂಬರ್ಥದ ಅಡ್ಡಹೆಸರು ಆ ಕಂಪನಿಗಳಿಗೆಲ್ಲ ಅಂಟಿಕೊಂಡಿತು. ಮೊನೊಗ್ರಾಮ್, ರಿಪಬ್ಲಿಕ್, ಪಿಆರ್‌ಸಿ ಅವುಗಳಲ್ಲಿ ಮುಖ್ಯವಾದವು. ಕೌಬಾಯ್ ಕಥೆ, ಪತ್ತೇದಾರಿ, ಭೂತಪ್ರೇತ, ವಾರಕ್ಕೊಂದು ಕಂತಿನ ಸಾಹಸ ಸರಣಿ ಅವುಗಳ ಸರಕು.

ಈ ಬಡತನ ಹೊಸ ನೋಟವೊಂದಕ್ಕೆ ಹೇಗೆ ಕಾರಣವಾಯಿತೆಂಬುದಕ್ಕೆ, ಪಿಆರ್‌ಸಿ ಕಂಪನಿಗಾಗಿ ಎಡ್ಗರ್ ಜಿ. ಉಲ್ಮರ್ 1945ರಲ್ಲಿ ನಿರ್ದೇಶಿಸಿದ ‘ಡೀಟೂರ್’ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನ್ಯೂಯಾರ್ಕಿನ ರಸ್ತೆಯೊಂದರಲ್ಲಿ ಪ್ರೇಮಿಗಳಿಬ್ಬರು ನಡೆದು ಹೋಗುವ ದೃಶ್ಯಕ್ಕೆ ರಸ್ತೆಯನ್ನು ಕಟ್ಟಲು ಹಣವಿಲ್ಲದ ಕಡೆ, ಉಲ್ಮರ್ ತೆರೆಯ ತುಂಬ ಮಂಜು ಹರಡಿ ಒಂದು ದೀಪದ ಕಂಬವನ್ನಷ್ಟೇ ಕಾಣಿಸಿದರು. ಇಲ್ಲದ ನಗರವನ್ನು ಮುಚ್ಚಲು ಬಂದ ಆ ಮಂಜು ಪ್ರೇಮಿಗಳ ದಾರಿಗಾಣದ ಸ್ಥಿತಿಯನ್ನೇ ಹೇಳಿತು. ಒಂದು ಗಂಟೆಗಿಂತ ತುಸು ಹೆಚ್ಚಿನ ಈ ಚಿತ್ರವನ್ನು 1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಲಾಯಿತು.

ಆರ್‌ಕೆಒ ಸ್ಟುಡಿಯೊದ ‘ಬಿ’ ವಿಭಾಗದಲ್ಲಿದ್ದ ನಿರ್ಮಾಪಕ ವಾಲ್ ಲ್ಯೂಟನ್ ಇದೇ ದಾರಿಯನ್ನು ಅದಕ್ಕೂ ಮೊದಲೇ ಹಿಡಿದಿದ್ದರು. ‘ಕ್ಯಾಟ್ ಪೀಪಲ್’ (1942) ಚಿತ್ರದ ಈಜುಕೊಳದ ದೃಶ್ಯದಲ್ಲಿ ಗೋಡೆಯ ಮೇಲೆ ಓಲಾಡುವ ನೀರಿನ ಬೆಳಕು, ನೆರಳು ಮತ್ತು ಗುರುಗುಟ್ಟುವ ದನಿ ಬಿಟ್ಟರೆ ಹೆಚ್ಚೇನೂ ಇಲ್ಲ. ಮೃಗವನ್ನು ಪ್ರೇಕ್ಷಕರೇ ಊಹಿಸಿಕೊಳ್ಳಬೇಕು, ಊಹಿಸಿಕೊಂಡದ್ದು ತೆರೆಯ ಮೇಲೆ ತೋರಿಸಬಹುದಾಗಿದ್ದ ಯಾವ ಮೃಗಕ್ಕಿಂತಲೂ ಭಯಂಕರವಾಗಿತ್ತು.

ಚೌಕಟ್ಟು: ಬಡವರ ಬೀದಿಯ ಲೆಕ್ಕ

*ಚಿತ್ರಸಂಸ್ಕರಣದ ಪ್ರಯೋಗಾಲಯವೊಂದರ ಒಡೆಯನಾಗಿದ್ದ ಹರ್ಬರ್ಟ್ ಯೇಟ್ಸ್, ತನಗೆ ಸಾಲ ತೀರಿಸಬೇಕಿದ್ದ ಹಲವು ಚಿಕ್ಕ ಕಂಪನಿಗಳನ್ನು 1935ರಲ್ಲಿ ಒಟ್ಟುಗೂಡಿಸಿ ರಿಪಬ್ಲಿಕ್ ಪಿಕ್ಚರ್ಸ್ ಕಟ್ಟಿದ.*

*‘ಸ್ಟೇಜ್‌ಕೋಚ್’ (1939) ಚಿತ್ರದಿಂದ ಮೇಲೆದ್ದ ಜಾನ್ ವೇಯ್ನ್, ಅದಕ್ಕೆ ಮುಂಚಿನ ವರ್ಷಗಳಲ್ಲಿ ಪಳಗಿದ್ದು ಈ ಬೀದಿಯ ಅಗ್ಗದ ಕೌಬಾಯ್ ಚಿತ್ರಗಳಲ್ಲಿ.*

*‘ಕ್ಯಾಟ್ ಪೀಪಲ್’ನಲ್ಲಿ ಕಾಣುವ ಭವ್ಯ ಮೆಟ್ಟಿಲು, ಆರ್ಸನ್ ವೆಲ್ಸ್‌ರ ‘ದ ಮ್ಯಾಗ್ನಿಫಿಸೆಂಟ್ ಆ್ಯಂಬರ್ಸನ್ಸ್’ ಚಿತ್ರಕ್ಕಾಗಿ ಕಟ್ಟಿದ್ದ ಸೆಟ್ಟಿನದು.*

*ಫ್ರಾನ್ಸಿನ ಜಾನ್ ಲೂಕ್ ಗೊದಾರ್ ತಮ್ಮ ಮೊದಲ ಕಥಾಚಿತ್ರ ‘ಬ್ರೆತ್‌ಲೆಸ್’ (1960) ಅನ್ನು ಅರ್ಪಿಸಿದ್ದು ಮೊನೊಗ್ರಾಮ್ ಕಂಪನಿಗೆ.*

ಡೇರೆಯಿಂದ ಬಂದ ನಿರ್ಮಾಪಕ

ಕನ್ನಡ ಸಿನಿಮಾದ ಬಡತನ ಇನ್ನೂ ಮೂಲಭೂತವಾದದ್ದು. 1934ರಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದಲ್ಲಿ. ಆ ಬಳಿಕವೂ ಕನ್ನಡ ಚಿತ್ರಗಳು ಬಹುಕಾಲ ಮದರಾಸಿನಂಥ ಊರುಗಳ ಸ್ಟುಡಿಯೊಗಳಲ್ಲಿ ಬಾಡಿಗೆಗೆ ಜಾಗ ಹಿಡಿಯಬೇಕಾಯಿತು. ಕನ್ನಡ ನಾಡು 1956ರವರೆಗೆ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು, ಇದ್ದ ಥಿಯೇಟರುಗಳನ್ನು ಹಿಂದಿ, ತಮಿಳು, ತೆಲುಗು ಚಿತ್ರಗಳೊಡನೆ ಹಂಚಿಕೊಳ್ಳಬೇಕಿತ್ತು. ಗಳಿಕೆಯ ಮಿತಿ ಇಷ್ಟು ಸ್ಪಷ್ಟವಾಗಿದ್ದಾಗ ದೊಡ್ಡ ಬಂಡವಾಳ ಹೂಡಲು ಮುಂದೆ ಬರುವವರು ವಿರಳ.

ಈ ಮಿತಿಯನ್ನು ಹತ್ತಿರದಿಂದ ಬಲ್ಲವರಾಗಿದ್ದವರು ಬಿ. ವಿಠಲಾಚಾರ್ಯ. ಉಡುಪಿ ಬಳಿಯ ಉದ್ಯಾವರದಲ್ಲಿ 1920ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಅರಸೀಕೆರೆ ಸೇರಿ, ಅಲ್ಲಿ ಹೋಟೆಲು ನಡೆಸಿದ ಅವರು, ಗೆಳೆಯರೊಡನೆ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸು ಆರಂಭಿಸಿದರು. ಕಡೂರು, ಬೀರೂರುಗಳಿಗೆ ಅರಸೀಕೆರೆ ರೈಲು ದಾರಿಯ ನೆರೆಯೂರು. ಘಟ್ಟದ ತಪ್ಪಲಿನ ಪ್ರೇಕ್ಷಕರು ಯಾವ ದೃಶ್ಯಕ್ಕೆ ಶಿಳ್ಳೆ ಹೊಡೆಯುತ್ತಾರೆ, ಯಾವ ದೃಶ್ಯದಲ್ಲಿ ಬೀಡಿ ಹಚ್ಚಲು ಎದ್ದು ಹೋಗುತ್ತಾರೆ ಎಂಬುದು ಡೇರೆಯ ಒಡೆಯನಿಗೆ ದಿನದಿನವೂ ಕಣ್ಣೆದುರಿಗೇ ಸಿಗುವ ಪಾಠ. ಸ್ಟುಡಿಯೊದಿಂದ ಹೊರಟು ಪ್ರೇಕ್ಷಕರನ್ನು ಹುಡುಕಿದ ನಿರ್ಮಾಪಕರು ಬಹಳ. ಪ್ರೇಕ್ಷಕರ ನಡುವಿನಿಂದ ಎದ್ದು ಸ್ಟುಡಿಯೊಗೆ ಹೋದವರು ವಿಠಲಾಚಾರ್ಯರು.

ಡಿ. ಶಂಕರ್‌ಸಿಂಗ್ ಅವರೊಡನೆ ಸೇರಿ ಅವರು ಮೈಸೂರಿನಲ್ಲಿ ಕಟ್ಟಿದ ಸಂಸ್ಥೆಯೇ ಮಹಾತ್ಮ ಪಿಕ್ಚರ್ಸ್. ಮೈಸೂರಿನಲ್ಲಿ ಆಗ ನವಜ್ಯೋತಿ ಸ್ಟುಡಿಯೊ ಇದ್ದುದರಿಂದ ಮದರಾಸಿನ ಖರ್ಚು ತಪ್ಪಿತು. ‘ಕೃಷ್ಣಲೀಲಾ’ (1947), ‘ನಾಗಕನ್ನಿಕಾ’ (1949), ‘ಜಗನ್ಮೋಹಿನಿ’ (1951), ‘ಶ್ರೀನಿವಾಸ ಕಲ್ಯಾಣ’ (1952) ಹೀಗೆ ಒಂದರ ಹಿಂದೊಂದು ಚಿತ್ರಗಳು ಬಂದವು. ಪೌರಾಣಿಕವೂ ಜಾನಪದ ಅದ್ಭುತವೂ ಅವರ ನೆಚ್ಚಿನ ವಸ್ತುಗಳು. ರಾಜಕುಮಾರಿ, ನಾಗಲೋಕ, ಶಾಪ, ವೇಷಾಂತರಗಳ ಕಥೆ ಹಳ್ಳಿಯ ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದುದರಿಂದ ಅದನ್ನು ವಿವರಿಸುವ ದೃಶ್ಯಗಳಿಗೆ ಹಣ ಸುರಿಯಬೇಕಾದ ಅಗತ್ಯವೂ ಇರಲಿಲ್ಲ. ಶಂಕರ್‌ಸಿಂಗ್ ನಿರ್ದೇಶಿಸಿದ ‘ಜಗನ್ಮೋಹಿನಿ’ಯಲ್ಲಿ ಪ್ರತಿಮಾದೇವಿ, ಹರಿಣಿ, ಮಹಾಬಲರಾವ್ ಅಭಿನಯಿಸಿದ್ದರು.

ವಿಠಲಾಚಾರ್ಯರು ಮುಂದೆ ಸ್ವಂತ ಸಂಸ್ಥೆ ಕಟ್ಟಿ ‘ಕನ್ಯಾದಾನ’ (1954) ಮೊದಲಾದ ಚಿತ್ರಗಳನ್ನು ಮಾಡಿ, ಮದರಾಸಿಗೆ ಹೋಗಿ, ತೆಲುಗಿನಲ್ಲಿ ‘ಜಾನಪದ ಬ್ರಹ್ಮ’ನೆಂದೇ ಹೆಸರಾದರು. 1963ರಲ್ಲಿ ಒಂದೇ ಕಥೆಯನ್ನು ರಾಜ್‌ಕುಮಾರ್ ನಾಯಕರಾಗಿ ಕನ್ನಡದಲ್ಲಿ ‘ವೀರಕೇಸರಿ’, ಎನ್.ಟಿ. ರಾಮರಾವ್ ನಾಯಕರಾಗಿ ತೆಲುಗಿನಲ್ಲಿ ‘ಬಂದಿಪೋಟು’ ಎಂದು ತೆರೆಗೆ ತಂದದ್ದು ಅವರ ಮಿತವ್ಯಯದ ಜಾಣತನಕ್ಕೆ ಸಾಕ್ಷಿ. ‘ಜಗನ್ಮೋಹಿನಿ’ ಎಂಬ ಹೆಸರಿನಲ್ಲೇ 1978ರಲ್ಲಿ ಅವರು ಮಾಡಿದ ತೆಲುಗು ಭೂತದ ಚಿತ್ರ ದೊಡ್ಡ ಯಶಸ್ಸು ಕಂಡಿತು. ನಟನೊಬ್ಬ ಕಾಲ್‌ಶೀಟು ಕೊಡದೆ, ಅಂದರೆ ಚಿತ್ರೀಕರಣಕ್ಕೆ ದಿನ ಗೊತ್ತುಮಾಡದೆ ಸತಾಯಿಸಿದರೆ, ಋಷಿಯ ಶಾಪದಿಂದ ಆ ಪಾತ್ರವನ್ನು ಗಿಳಿಯನ್ನಾಗಿಯೋ ಕೋತಿಯನ್ನಾಗಿಯೋ ಮಾಡಿ ಅವರು ಚಿತ್ರ ಮುಗಿಸುತ್ತಿದ್ದರೆಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಉಳಿದಿದೆ. ಆ ಮಾತು ಎಷ್ಟು ನಿಜವೋ, ಜಾನಪದ ಕಥೆಯಲ್ಲಿ ಅಂಥದೊಂದು ತಿರುವಿಗೆ ಸದಾ ಎಡೆಯಿರುತ್ತದೆಂಬುದು ಮಾತ್ರ ದಿಟ. ಸಾಮಾಜಿಕ ಚಿತ್ರದಲ್ಲಿ ನಾಯಕನನ್ನು ಗಿಳಿ ಮಾಡಲಾಗದು.

ಚೌಕಟ್ಟು: ಮಾಯ ಮಾಡುವ ಬಗೆ

*ಮಾಯವಾಗುವುದು: ಕ್ಯಾಮೆರಾವನ್ನು ಅಲುಗಿಸದೆ ನಿಲ್ಲಿಸಿ, ನಟ ಸರಿದುಹೋದ ಬಳಿಕ ಮತ್ತೆ ಚಾಲೂ ಮಾಡಿದರೆ, ತೆರೆಯ ಮೇಲೆ ಆತ ಕಣ್ಣೆದುರೇ ಕರಗಿದಂತೆ ಕಾಣುತ್ತದೆ.*

*ದ್ವಿಪಾತ್ರ: ಮಸೂರದ ಅರ್ಧವನ್ನು ಮುಚ್ಚಿ ಒಮ್ಮೆ ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದ ಅರ್ಧವನ್ನು ತೆರೆದು ಮತ್ತೊಮ್ಮೆ ಚಿತ್ರಿಸಿದರೆ, ಒಬ್ಬನೇ ನಟ ಎರಡಾಗಿ ಎದುರುಬದುರು ನಿಲ್ಲುತ್ತಾನೆ.*

*ಭೂತದ ಪಾರದರ್ಶಕ ದೇಹ: ದೃಶ್ಯವನ್ನು ಚಿತ್ರಿಸಿದ ಫಿಲ್ಮಿನ ಮೇಲೆಯೇ, ಕಪ್ಪು ಹಿನ್ನೆಲೆಯಲ್ಲಿ ನಿಂತ ನಟನನ್ನು ಎರಡನೆಯ ಸಲ ಮೂಡಿಸುವುದರಿಂದ ಗೋಡೆಯೂ ದೆವ್ವವೂ ಒಟ್ಟಿಗೆ ಕಾಣುತ್ತವೆ. ಇವುಗಳಿಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಛಾಯಾಗ್ರಾಹಕನ ಎಣಿಕೆಯ ನಿಖರತೆ.*

ಕನ್ನಡ ಚಿತ್ರಚರಿತ್ರೆಯನ್ನು ಬರೆಯುವಾಗ ಈ ಮಾಯಾಮಂತ್ರದ ಚಿತ್ರಗಳನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ಮುಂದೆ ಹೋಗುವ ರೂಢಿಯಿದೆ. ಇದು ದೊಡ್ಡ ಅನ್ಯಾಯ. ಕನ್ನಡದಲ್ಲಿ ವರ್ಷವಿಡೀ ಕೆಲಸವಿರುವ ತಂತ್ರಜ್ಞರ, ಪೋಷಕ ನಟರ, ಸೆಟ್ಟು ಕಟ್ಟುವವರ ಪಡೆಯೊಂದು ರೂಪುಗೊಳ್ಳಲು ಒಂದಾದ ಮೇಲೊಂದರಂತೆ ಬಂದ ಇಂಥ ಚಿತ್ರಗಳು ನೆರವಾದವು. ಮೊನೊಗ್ರಾಮಿನ ಚಿತ್ರಗಳನ್ನು ಫ್ರಾನ್ಸಿನ ವಿಮರ್ಶಕರು ಮತ್ತೆ ತೆರೆದು ನೋಡಿದ ಶ್ರದ್ಧೆಯಿಂದ ‘ನಾಗಕನ್ನಿಕಾ’, ‘ಜಗನ್ಮೋಹಿನಿ’ಗಳನ್ನು ನೋಡುವ ಕೆಲಸ ಕನ್ನಡದಲ್ಲಿ ಇನ್ನೂ ಆಗಬೇಕಾಗಿದೆ.

ಸರಣಿಯ ಮಿತವ್ಯಯವನ್ನೂ ಕನ್ನಡ ಬಲ್ಲದು. ದೊರೈ–ಭಗವಾನ್ ಜೋಡಿ ರಾಜ್‌ಕುಮಾರರನ್ನು ಗೂಢಚಾರನನ್ನಾಗಿಸಿ 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ತೆರೆಗೆ ತಂದಿತು. ಜೇಮ್ಸ್ ಬಾಂಡ್ ಚಿತ್ರಗಳ ವೈಭವವನ್ನು ಕನ್ನಡದ ಬಂಡವಾಳದಲ್ಲಿ ಮುಟ್ಟುವಂತಿರಲಿಲ್ಲ. ಆದರೆ ನಾಯಕನೂ ಅವನ ಸಂಖ್ಯೆಯೂ ಒಮ್ಮೆ ಜನರ ನಾಲಗೆಯ ಮೇಲೆ ನಿಂತಿತೆಂದರೆ ಮುಂದಿನ ಚಿತ್ರದ ಪ್ರಚಾರ ಅರ್ಧ ಮುಗಿದಂತೆಯೇ.

ಸೆಟ್ಟಿನ ಬದಲಿಗೆ ಅಗ್ರಹಾರ

ಹಣವಿಲ್ಲದೆ ಸಿನಿಮಾ ಮಾಡುವ ಇನ್ನೊಂದು ದಾರಿ ತೆರೆದದ್ದು ಚಿಕ್ಕಮಗಳೂರು ಜಿಲ್ಲೆಯಲ್ಲಿ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ 1965ರಲ್ಲಿ ಪ್ರಕಟವಾಗಿತ್ತು. ಅದನ್ನು ಚಿತ್ರವಾಗಿಸಲು ಹೊರಟ ಪಟ್ಟಾಭಿರಾಮ ರೆಡ್ಡಿಯವರ ತಂಡ ಶೃಂಗೇರಿ ತಾಲ್ಲೂಕಿನ ವೈಕುಂಠಪುರವನ್ನು ಆರಿಸಿಕೊಂಡು ಅಲ್ಲೇ ಬೀಡುಬಿಟ್ಟಿತು. ಅಗ್ರಹಾರದ ಸೆಟ್ಟು ಹಾಕಲು ಬೇಕಾದ ಹಣ ಅವರಲ್ಲಿರಲಿಲ್ಲ, ಆದರೆ ಮರದ ಕಂಬ, ಜಗಲಿ, ತೊಟ್ಟಿ, ಹೆಂಚಿನ ಮಾಡುಗಳಿಂದ ಕೂಡಿದ ನಿಜವಾದ ಕೇರಿಯೇ ಮಲೆನಾಡಿನಲ್ಲಿತ್ತು.

ಚಿತ್ರಕಥೆ ಬರೆದ ಗಿರೀಶ್ ಕಾರ್ನಾಡರೇ ಪ್ರಾಣೇಶಾಚಾರ್ಯರ ಪಾತ್ರ ಮಾಡಿದರು, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ಅಭಿನಯಿಸಿದರು. ತಂಡದ ಹಲವರು ಮದ್ರಾಸ್ ಪ್ಲೇಯರ್ಸ್ ಎಂಬ ಹವ್ಯಾಸಿ ನಾಟಕ ತಂಡದ ನಂಟಿನವರು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯದ ಟಾಮ್ ಕೋವನ್, ಕಲಾನಿರ್ದೇಶನ ಚಿತ್ರಕಲಾವಿದ ಎಸ್.ಜಿ. ವಾಸುದೇವರದು, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಒಟ್ಟು ವೆಚ್ಚ ಒಂದು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಮುಗಿಯಿತು.

ವ್ಯವಸ್ಥೆಯ ದೃಷ್ಟಿಯಿಂದ ‘ಸಂಸ್ಕಾರ’ವನ್ನು ‘ಬಿ’ ಚಿತ್ರವೆನ್ನಲಾಗದು. ಬಡವರ ಬೀದಿಯ ಚಿತ್ರಗಳಿಗೆ ಕಾದು ಕುಳಿತ ಬಾಡಿಗೆಯಿತ್ತು, ಮಹಾತ್ಮ ಪಿಕ್ಚರ್ಸಿಗೆ ತಾನು ಬಲ್ಲ ಪ್ರೇಕ್ಷಕರಿದ್ದರು. ವೈಕುಂಠಪುರದ ತಂಡಕ್ಕೆ ಎರಡೂ ಇರಲಿಲ್ಲ. ಆದರೆ ಕೊರತೆಯನ್ನೇ ರೂಪವಾಗಿ ಮಾರ್ಪಡಿಸಿದ ಬಗೆಯಲ್ಲಿ ಅದು ಉಲ್ಮರ್ ಅವರ ‘ಡೀಟೂರ್’ನ ನೇರ ಸಂಬಂಧಿ. ದೊಡ್ಡ ದೀಪಗಳ ಪ್ರಖರತೆಯಿಲ್ಲದ ಆ ಕಪ್ಪು–ಬಿಳುಪು ಚಿತ್ರದಲ್ಲಿ ತೊಟ್ಟಿಯಿಂದಿಳಿಯುವ ಬೆಳಕು, ಒಳಕೋಣೆಯ ಕತ್ತಲು, ಪ್ಲೇಗಿನ ಭಯದಲ್ಲಿ ಬಿಕೋ ಎನ್ನುವ ಕೇರಿ ಇವೆಲ್ಲ ಶವಸಂಸ್ಕಾರ ಮಾಡಲಾಗದೆ ತತ್ತರಿಸುವ ಸಮುದಾಯವೊಂದರ ಒಳಗನ್ನು ಕಾಣಿಸುತ್ತವೆ. ಮದರಾಸಿನ ಸ್ಟುಡಿಯೊದಲ್ಲಿ ಹತ್ತರಷ್ಟು ಹಣ ಸುರಿದಿದ್ದರೂ ಈ ಕತ್ತಲನ್ನು ಕಟ್ಟಲು ಆಗುತ್ತಿರಲಿಲ್ಲ.

ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರಕ್ಕೆ ಅನುಮತಿ ನಿರಾಕರಿಸಿತು. ಕೇಂದ್ರ ಸರ್ಕಾರ ಆ ತಡೆಯನ್ನು ತೆರವುಗೊಳಿಸಿದ ಮೇಲೆ ‘ಸಂಸ್ಕಾರ’ 1970ರ ಸಾಲಿನ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಆ ಗೌರವ ಕನ್ನಡಕ್ಕೆ ಬಂದದ್ದು ಅದೇ ಮೊದಲು. ಟಾಮ್ ಕೋವನ್‌ಗೆ ಸಹಾಯಕರಾಗಿದ್ದ ಎಸ್. ರಾಮಚಂದ್ರ ಮುಂದೆ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ, ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಕ್ಯಾಮೆರಾ ಹಿಡಿದರು. ಒಂದು ಅಗ್ಗದ ಚಿತ್ರ ಒಬ್ಬ ಛಾಯಾಗ್ರಾಹಕನನ್ನು ಕೊಟ್ಟಿತು, ಅವರು ಮಲೆನಾಡಿನ ಬೆಳಕನ್ನು ಹಿಡಿಯುವ ಪರಿಯನ್ನೇ ಕನ್ನಡಕ್ಕೆ ಕಲಿಸಿದರು.

ರಾಜ್ಯ ಸರ್ಕಾರದ ನೀತಿಯೂ ಈ ಹೊತ್ತಿಗೆ ಒತ್ತಾಸೆಯಾಯಿತು. ರಾಜ್ಯದಲ್ಲೇ ತಯಾರಾದ ಕಪ್ಪು–ಬಿಳುಪು ಚಿತ್ರಕ್ಕೆ 50,000 ರೂಪಾಯಿ, ವರ್ಣಚಿತ್ರಕ್ಕೆ 1 ಲಕ್ಷ ರೂಪಾಯಿ ಸಹಾಯಧನ ಕೊಡುವ ಪದ್ಧತಿ 1960ರ ದಶಕದ ಉತ್ತರಾರ್ಧದಲ್ಲಿ ಆರಂಭವಾಗಿತ್ತು. ‘ಸಂಸ್ಕಾರ’ದಂಥ ಚಿತ್ರದ ವೆಚ್ಚದ ಪಕ್ಕದಲ್ಲಿಟ್ಟು ನೋಡಿದರೆ 50,000 ರೂಪಾಯಿ ಎಷ್ಟು ದೊಡ್ಡ ಮೊತ್ತವೆಂಬುದು ತಿಳಿಯುತ್ತದೆ, ಹೊರಾಂಗಣಕ್ಕೆ ಹೊರಟ ತಂಡಗಳಿಗೆ ಅದು ದೊಡ್ಡ ಧೈರ್ಯ. ಜನಪ್ರಿಯ ಸಿನಿಮಾ ಕೂಡ ಈ ಸೀಮೆಯ ಊರುಗಳನ್ನೇ ಸೆಟ್ಟಾಗಿಸಿಕೊಂಡಿತು: ಸಿದ್ಧಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ (1974) ಚಿತ್ರದ ಹಳ್ಳಿ ಚಿಕ್ಕಮಗಳೂರು ಬಳಿಯ ಕಳಸಾಪುರ.

ಮೂಡಿಗೆರೆಯ ಕಥೆಗಳು

ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರ ಕಥೆಗಳು ಮಿತ ಬಂಡವಾಳದ ನಿರ್ದೇಶಕರನ್ನು ಮತ್ತೆ ಮತ್ತೆ ಸೆಳೆದದ್ದು ಆಕಸ್ಮಿಕವಲ್ಲ. ಅಂಚೆಚೀಲ, ತಾಲ್ಲೂಕು ಕಚೇರಿಯ ಕಡತ, ಪಿಂಚಣಿ, ಸಣ್ಣ ಊರಿನ ಗುಸುಗುಸು ಇಷ್ಟರಲ್ಲೇ ಅವರ ಲೋಕ ಪೂರ್ತಿಯಾಗಿ ನಿಲ್ಲುತ್ತದೆ. ಅರಮನೆಯಾಗಲಿ ವಿದೇಶವಾಗಲಿ ಬೇಕಿಲ್ಲ.

‘ನಾಂದಿ’ (1964) ಖ್ಯಾತಿಯ ಎನ್. ಲಕ್ಷ್ಮೀನಾರಾಯಣ್ 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಕಥೆಯನ್ನು ತೆರೆಗೆ ತಂದರು. ಅದು ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕಾಸರವಳ್ಳಿಯವರ ‘ತಬರನ ಕಥೆ’ 1986ರ ಸಾಲಿನ ಅತ್ಯುತ್ತಮ ಕಥಾಚಿತ್ರವಾಯಿತು, ತಬರನಾದ ಚಾರುಹಾಸನ್ ಅತ್ಯುತ್ತಮ ನಟರಾದರು. 1992ರಲ್ಲಿ ಸದಾನಂದ ಸುವರ್ಣರ ‘ಕುಬಿ ಮತ್ತು ಇಯಾಲ’ ಬಂತು.

ಅಷ್ಟರಲ್ಲಿ ಅಗ್ಗದ ಸಿನಿಮಾವನ್ನು ಸಾಕಿದ್ದ ಹಳೆಯ ವ್ಯವಸ್ಥೆಗಳು ಎಲ್ಲೆಡೆಯೂ ಕುಸಿದಿದ್ದವು. ಅಮೆರಿಕದ ಸುಪ್ರೀಂ ಕೋರ್ಟು 1948ರಲ್ಲಿ ದೊಡ್ಡ ಸ್ಟುಡಿಯೊಗಳು ಥಿಯೇಟರುಗಳ ಮೇಲೆ ಹೊಂದಿದ್ದ ಹಿಡಿತವನ್ನು ಮುರಿಯಿತು, ಹಿಂದೆಯೇ ದೂರದರ್ಶನ ಮನೆಮನೆಗೆ ಬಂತು, ಜೋಡಿ ಚಿತ್ರದ ಪದ್ಧತಿಯೊಡನೆ ‘ಬಿ’ ಚಿತ್ರದ ಖಚಿತ ಬಾಡಿಗೆಯೂ ಕರಗಿತು. ಮೈಸೂರಿನಲ್ಲಿ ನವಜ್ಯೋತಿ ಕಣ್ಮರೆಯಾದ ಬಳಿಕ ಎಂ.ಎನ್. ಬಸವರಾಜಯ್ಯನವರ ಪ್ರೀಮಿಯರ್ ಸ್ಟುಡಿಯೊ ದಶಕಗಳ ಕಾಲ ಕನ್ನಡ ಚಿತ್ರಗಳ ನೆಲೆಯಾಗಿತ್ತು. 1989ರ ಫೆಬ್ರುವರಿ 8ರಂದು ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಅಲ್ಲಿ ಎದ್ದ ಬೆಂಕಿಗೆ 62 ಮಂದಿ ಬಲಿಯಾದರು. ಘಟ್ಟದ ಡೇರೆಗಳನ್ನು ಟಿ.ವಿ.ಯೂ ವೀಡಿಯೊ ಕ್ಯಾಸೆಟ್ಟೂ ಎಬ್ಬಿಸಿದವು.

ಬಾಡಿಗೆಯೂ ಡೇರೆಯೂ ಇಲ್ಲವಾದ ಕಾಲದಲ್ಲಿ ಕಡಿಮೆ ಕಾಸಿನ ಚಿತ್ರಕ್ಕೆ ಹಣ ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ತೇಜಸ್ವಿಯವರ ಓದುಗರೇ ಒಂದು ಉತ್ತರ ಕೊಟ್ಟರು. ಅವರ ‘ಡೇರ್‌ಡೆವಿಲ್ ಮುಸ್ತಾಫಾ’ ಕಥೆಯನ್ನು ಚಿತ್ರವಾಗಿಸಲು ಶಶಾಂಕ್ ಸೋಗಾಲ್ ಹೊರಟಾಗ, ನೂರಕ್ಕೂ ಹೆಚ್ಚು ಮಂದಿ ತೇಜಸ್ವಿ ಅಭಿಮಾನಿಗಳು ತಮ್ಮ ತಮ್ಮ ಪಾಲು ಹಾಕಿ ನಿರ್ಮಾಪಕರಾದರು. ತಾರೆಯರನ್ನು ನೆಚ್ಚದೆ ಹೊಸ ಹುಡುಗರನ್ನೇ ಮುಂದಿಟ್ಟುಕೊಂಡು, ಅಬಚೂರಿನ ಕಾಲೇಜೊಂದಕ್ಕೆ ಹೊಸದಾಗಿ ಸೇರಿದ ಮುಸ್ಲಿಂ ವಿದ್ಯಾರ್ಥಿಯ ಕಥೆ ಹೇಳಿದ ಆ ಚಿತ್ರ 2023ರ ಮೇ ತಿಂಗಳಲ್ಲಿ ನಟ ಧನಂಜಯ ಅವರ ಅರ್ಪಣೆಯಲ್ಲಿ ತೆರೆಕಂಡಿತು.